ಹತ್ತು ಜನರ ಪ್ರಾರ್ಥನೆ

ಯಹೂದಿಗಳ ಸಾಮೂಹಿಕ ಪ್ರಾರ್ಥನೆಗೆ ಹತ್ತು ಜನ ಬೇಕು. ಹದಿಮೂರು ವರ್ಷ ತುಂಬಿದ ಹತ್ತು ಗಂಡಸರು ಒಂದೆಡೆ ಕೂಡಿದರೆ ಅದಕ್ಕೆ ಮಿನ್ಯಾನ್ ಎನ್ನುತ್ತಾರೆ. ಒಂಬತ್ತೇ ಜನರಿದ್ದರೆ ಪ್ರಾರ್ಥನೆಯ ಕೆಲವು ಮುಖ್ಯ ಭಾಗಗಳನ್ನು ಹೇಳುವಂತಿಲ್ಲ. ಧರ್ಮಗ್ರಂಥದ ಸುರುಳಿಯನ್ನು ಬಿಚ್ಚಿ ಸಭೆಯಲ್ಲಿ ಓದುವಂತಿಲ್ಲ. ಈಚಿನ ಸುಧಾರಿತ ಪಂಥಗಳು ಹೆಂಗಸರನ್ನೂ ಈ ಲೆಕ್ಕಕ್ಕೆ ಸೇರಿಸಿಕೊಂಡಿವೆ. ಸಂಪ್ರದಾಯಸ್ಥರಲ್ಲಿ ಹಳೆಯ ಕಟ್ಟಳೆಯೇ ನಡೆದುಕೊಂಡು ಬಂದಿದೆ. ಕಟ್ಟಡ, ಗೋಪುರ, ದೀಪಗಳೆಲ್ಲ ಇದರ ನಂತರದ ಮಾತು. ಹತ್ತು ಜನರಿದ್ದರೆ ಬಾಡಿಗೆಯ ಕೋಣೆಯಲ್ಲೂ ಪ್ರಾರ್ಥನೆ ನಡೆಯುತ್ತದೆ. ಅವರಿಲ್ಲದಿದ್ದರೆ ಅಮೃತಶಿಲೆಯ ಮಂದಿರವೂ ಸುಮ್ಮನಿರಬೇಕಾಗುತ್ತದೆ. ದಕ್ಷಿಣ ಭಾರತದ ಯಹೂದಿಗಳ ಚರಿತ್ರೆಯನ್ನು ಓದುವಾಗ ಈ ಒಂದು ಕಟ್ಟಳೆಯನ್ನು ನೆನಪಿನಲ್ಲಿಟ್ಟುಕೊಂಡರೆ ಬಹಳಷ್ಟು ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ.

ಕನ್ನಡ ಬೈಬಲ್ಲಿನಲ್ಲಿ ಸಭಾಮಂದಿರ ಎಂದು ಕರೆದಿರುವ ಈ ಪ್ರಾರ್ಥನೆಯ ಸ್ಥಳಕ್ಕೆ ಸಿನಗಾಗ್ ಎಂಬ ಹೆಸರು ಇಂದು ಎಲ್ಲೆಡೆ ರೂಢಿಯಲ್ಲಿದೆ. ಹಿಂದೆ ಜೆರುಸಲೇಮಿನಲ್ಲಿ ಯಹೂದಿಗಳಿಗೆ ಒಂದು ಮಹಾದೇವಾಲಯವಿತ್ತು. ಬಲಿ, ಧೂಪ, ಪುರೋಹಿತರ ಸೇವೆ ಎಲ್ಲ ಅಲ್ಲಿ ನಡೆಯುತ್ತಿದ್ದವು. ಕ್ರಿ.ಶ. 70ರಲ್ಲಿ ರೋಮನರು ಅದನ್ನು ಕೆಡವಿದ ಮೇಲೆ ಬಲಿಪೂಜೆ ನಿಂತುಹೋಯಿತು. ಆ ಜಾಗವನ್ನು ಪ್ರಾರ್ಥನೆ ತುಂಬಿತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೀಗೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ ಗೊತ್ತಾಯಿತು. ಚದುರಿಹೋದ ಜನ ನೆಲೆಸಿದ ಊರೂರಲ್ಲೂ ಸಿನಗಾಗ್‌ಗಳು ಎದ್ದವು.

ಒಳಗೆ ವಿಗ್ರಹವಿಲ್ಲ, ಚಿತ್ರಪಟವಿಲ್ಲ. ಜೆರುಸಲೇಮ್ ಇರುವ ದಿಕ್ಕಿಗೆ, ಎಂದರೆ ಭಾರತದಲ್ಲಿ ಪಶ್ಚಿಮದ ಗೋಡೆಗೆ, ಕೆತ್ತನೆಯ ಮರದ ಕಪಾಟೊಂದು ಇರುತ್ತದೆ. ಅದೇ ಮಂಜೂಷ. ಮೋಶೆಯ ಐದು ಗ್ರಂಥಗಳನ್ನು ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆದ ತೋರಾ ಸುರುಳಿಗಳು ಅದರೊಳಗೆ ಇರುತ್ತವೆ. ಒಂದು ಸುರುಳಿಯಲ್ಲಿ 3,04,805 ಅಕ್ಷರಗಳು. ಒಂದೇ ಒಂದು ಅಕ್ಷರ ಅಳಿಸಿಹೋದರೂ ಅದನ್ನು ಸರಿಪಡಿಸುವವರೆಗೆ ಆ ಸುರುಳಿ ಸಭೆಯ ಓದಿಗೆ ಬರುವುದಿಲ್ಲ. ಸಭಾಂಗಣದ ನಡುವೆ ಓದುವವರು ನಿಲ್ಲುವ ಕಟ್ಟೆ. ಕೊಚ್ಚಿಯ ಯಹೂದಿಗಳು ಅದನ್ನು ತೇಬಾ ಎನ್ನುತ್ತಾರೆ. ಹೆಂಗಸರಿಗೆ ಸಾಮಾನ್ಯವಾಗಿ ಮಹಡಿಯ ಮೇಲೆ ಬೇರೆ ಜಾಗ. ವಾರಕ್ಕೊಂದು ಭಾಗದಂತೆ ಓದುತ್ತಾ ಹೋಗಿ ವರ್ಷಕ್ಕೊಮ್ಮೆ ಐದೂ ಗ್ರಂಥಗಳನ್ನು ಮುಗಿಸುತ್ತಾರೆ, ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಶುಕ್ರವಾರ ಸೂರ್ಯ ಮುಳುಗುವಾಗ ಸಬ್ಬತ್ ಶುರುವಾಗುತ್ತದೆ. ಶನಿವಾರ ಇರುಳಾಗಿ ನಕ್ಷತ್ರ ಕಾಣುವವರೆಗೆ ದುಡಿಮೆಯಿಲ್ಲ, ವ್ಯಾಪಾರವಿಲ್ಲ, ಬೆಂಕಿ ಹೊತ್ತಿಸುವುದಿಲ್ಲ.

ಹತ್ತು ಜನರ ಕಟ್ಟಳೆ ಹೆಚ್ಚು ತಟ್ಟುವುದು ಸಾವಿನ ಮನೆಯಲ್ಲಿ. ತಂದೆತಾಯಿಯನ್ನು ಕಳೆದುಕೊಂಡ ಮಗ ಹನ್ನೊಂದು ತಿಂಗಳು ಕದ್ದೀಶ್ ಎಂಬ ಸ್ತುತಿಯನ್ನು ಹೇಳಬೇಕು. ಅದನ್ನು ಒಬ್ಬನೇ ಹೇಳುವಂತಿಲ್ಲ, ಹತ್ತು ಜನರ ನಡುವೆಯೇ ಹೇಳಬೇಕು. ದುಃಖದಲ್ಲಿರುವವನ ಜೊತೆಗೆ ದಿನವೂ ಒಂಬತ್ತು ಮಂದಿ ಬಂದು ನಿಲ್ಲಬೇಕಾದ ಈ ಏರ್ಪಾಡಿನಿಂದ ಧರ್ಮದ ಕಟ್ಟಳೆಯೇ ನೆರೆಹೊರೆಯ ಕಟ್ಟಳೆಯೂ ಆಯಿತು. ಹೀಗಾಗಿ ಯಹೂದಿಗಳು ಎಲ್ಲೇ ನೆಲೆಸಿದರೂ ಒತ್ತಾಗಿ, ಒಂದೇ ಬೀದಿಯಲ್ಲಿ, ಪ್ರಾರ್ಥನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಮಾಡಿಕೊಂಡರು.

ಕರ್ನಾಟಕದ ನೆಲಕ್ಕೆ ಸಂಬಂಧಿಸಿದ ಯಹೂದಿ ದಾಖಲೆಗಳಲ್ಲಿ ಬಹಳ ಹಳೆಯವು ಸಿಕ್ಕಿದ್ದು ಈಜಿಪ್ಟಿನ ಒಂದು ಸಿನಗಾಗಿನ ಉಗ್ರಾಣದಲ್ಲಿ. ದೇವರ ಹೆಸರಿರುವ ಬರಹವನ್ನು ಯಹೂದಿಗಳು ಹರಿದು ಎಸೆಯುವುದಿಲ್ಲ. ಹಳತಾದ ಕಾಗದಗಳನ್ನು ಒಂದು ಕೋಣೆಯಲ್ಲಿ ಕೂಡಿಡುತ್ತಾರೆ. ಹಳೆಯ ಕೈರೋ ನಗರದ ಬೆನ್ ಎಜ್ರಾ ಸಿನಗಾಗಿನಲ್ಲಿ ಹೆಂಗಸರ ಮಹಡಿಯ ಕೊನೆಗೆ ಅಂಥದೊಂದು ಕತ್ತಲಕೋಣೆ ಇತ್ತು. ಏಣಿ ಹತ್ತಿ ಗೋಡೆಯ ಕಿಂಡಿಯಿಂದ ಕಾಗದಗಳನ್ನು ಒಳಗೆ ಹಾಕುತ್ತಿದ್ದರು. ದೇವರ ಹೆಸರನ್ನು ನೆನೆದು ಕಾಗದ ಬರೆಯಲು ತೊಡಗುವುದು ಆ ಕಾಲದ ವಾಡಿಕೆಯಾದ್ದರಿಂದ ಪ್ರಾರ್ಥನಾ ಪುಸ್ತಕಗಳ ಜೊತೆಗೆ ವ್ಯಾಪಾರದ ಪತ್ರ, ಲೆಕ್ಕದ ಚೀಟಿ, ಮದುವೆಯ ಕರಾರು ಎಲ್ಲವೂ ಅಲ್ಲಿ ಸೇರಿದವು. ಒಣ ಹವೆಯಿಂದಾಗಿ ಅವು ಉಳಿದುಕೊಂಡವು. 1896ರಲ್ಲಿ ಕೇಂಬ್ರಿಜ್ಜಿನ ವಿದ್ವಾಂಸ ಸೊಲೊಮನ್ ಶೆಕ್ಟರ್ ಅಲ್ಲಿಗೆ ಹೋಗಿ ಆ ರಾಶಿಯ ಬಹುಪಾಲನ್ನು ಇಂಗ್ಲೆಂಡಿಗೆ ತಂದರು.

ಆ ರಾಶಿಯಲ್ಲಿ ಮಂಗಳೂರಿನ ಹೆಸರು ಇತ್ತು. ಟುನೀಶಿಯಾದ ಮಹದಿಯಾ ಊರಿನ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಏಡನ್ ಮಾರ್ಗವಾಗಿ ಪಶ್ಚಿಮ ಕರಾವಳಿಗೆ ಬಂದು ಸುಮಾರು ಹದಿನೇಳು ವರ್ಷ ಇಲ್ಲಿ ಕಳೆದಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಪತ್ರವೊಂದರಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿರುವುದು ದಾಖಲಾಗಿದೆ. ಅವಳೇ ಅವನ ಮಕ್ಕಳ ತಾಯಿಯಾದಳು ಎಂಬುದು ವಿದ್ವಾಂಸರ ಅಭಿಪ್ರಾಯ. ಅವನು ಹಿತ್ತಾಳೆ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಏಡನ್ನಿನವರು ಹಳೆಯ ಪಾತ್ರೆಗಳನ್ನು ಕಳುಹಿಸಿ ಹೊಸದಾಗಿ ಮಾಡಿಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಶುಂಠಿ, ಕಬ್ಬಿಣ, ಅಡಿಕೆ ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಚಾಪೆ, ಕಾಗದ ಬರುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಬೊಮ್ಮ ಎಂಬ ಆಳಿನ ಹೆಸರೂ ಪತ್ರಗಳಲ್ಲಿದೆ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಕೃತಿಯಿಂದ ಈ ಬೊಮ್ಮನ ಸಂಗತಿ ಸಾಮಾನ್ಯ ಓದುಗರಿಗೂ ತಲುಪಿತು.

ಬೆನ್ ಯಿಜು ಬರಿಯ ವರ್ತಕನಾಗಿರಲಿಲ್ಲ. ಧರ್ಮಶಾಸ್ತ್ರ ಓದಿದವನು, ಹೀಬ್ರೂವಿನಲ್ಲಿ ಪ್ರಾರ್ಥನಾಗೀತೆಗಳನ್ನು ರಚಿಸಿದವನು. ಕಾಗದ ದುರ್ಲಭವಾದ್ದರಿಂದ ಬಂದ ಪತ್ರಗಳ ಬೆನ್ನಿನ ಮೇಲೆಯೇ ಲೆಕ್ಕವನ್ನೂ ಪದ್ಯವನ್ನೂ ಬರೆಯುತ್ತಿದ್ದ. ಮಂಗಳೂರಿನಲ್ಲಿ ಆಗ ಸಿನಗಾಗ್ ಇದ್ದುದಕ್ಕೆ ಕುರುಹಿಲ್ಲ. 1149ರಲ್ಲಿ ಅವನು ಮಕ್ಕಳೊಂದಿಗೆ ಏಡನ್ನಿಗೆ ಮರಳಿದ, ಕೊನೆಗೆ ಈಜಿಪ್ಟ್ ಸೇರಿದ. ಜೊತೆಗೆ ಒಯ್ದ ಮಂಗಳೂರಿನ ಕಾಗದಗಳು ಬೆನ್ ಎಜ್ರಾದ ಕಿಂಡಿಯೊಳಕ್ಕೆ ಬಿದ್ದವು. ಆಳುಪರು ಆಳುತ್ತಿದ್ದ ಕಾಲದ ತುಳುನಾಡಿನ ಪೇಟೆಯ ಬದುಕನ್ನು ಇಷ್ಟು ಹತ್ತಿರದಿಂದ ತೋರಿಸುವ ಬರಹ ಬೇರೆ ಇಲ್ಲವೆಂದೇ ಹೇಳಬೇಕು. ಒಂದು ಪ್ರಾರ್ಥನಾ ಮಂದಿರದ ಶ್ರದ್ಧೆ ಮತ್ತೊಂದು ದೇಶದ ಚರಿತ್ರೆಯನ್ನು ಕಾಪಾಡಿಕೊಟ್ಟಿದೆ.

ಮಂಗಳೂರಿನ ದಕ್ಷಿಣಕ್ಕೆ, ಅದೇ ಕರಾವಳಿಯ ಕೊಡುಂಗಲ್ಲೂರಿನಲ್ಲಿ ಯಹೂದಿಗಳ ದೊಡ್ಡ ನೆಲೆಯೇ ಇತ್ತು. ಕ್ರಿ.ಶ. 1000ದ ಸುಮಾರಿಗೆ ಚೇರ ದೊರೆ ಭಾಸ್ಕರ ರವಿವರ್ಮ ಅವರ ಮುಖಂಡ ಜೋಸೆಫ್ ರಬ್ಬಾನನಿಗೆ ತಾಮ್ರಶಾಸನದ ಮೂಲಕ ಎಪ್ಪತ್ತೆರಡು ಹಕ್ಕುಗಳನ್ನು ಕೊಟ್ಟ. ಪಲ್ಲಕ್ಕಿ, ಛತ್ರಿ, ಹಗಲುದೀವಟಿಗೆಯಂಥ ಮರ್ಯಾದೆಗಳು, ತೆರಿಗೆಯ ವಿನಾಯಿತಿ ಇವೆಲ್ಲ ಅದರಲ್ಲಿದ್ದವು. 1341ರಲ್ಲಿ ಪೆರಿಯಾರ್ ನದಿಯ ಮಹಾಪೂರ ಬಂದರಿನ ಬಾಯನ್ನೇ ಬದಲಿಸಿತು. ವ್ಯಾಪಾರ ಮೆಲ್ಲಗೆ ಕೊಚ್ಚಿಯತ್ತ ಸರಿಯಿತು, ಯಹೂದಿಗಳೂ ಸರಿದರು. ಕೊಚ್ಚಂಗಾಡಿ ಎಂಬಲ್ಲಿ 1344ರ ಸುಮಾರಿಗೆ ಕಟ್ಟಿದ ಸಿನಗಾಗಿನ ಶಿಲಾಫಲಕ ಇಂದಿಗೂ ಉಳಿದಿದೆ. ಪೋರ್ಚುಗೀಸರು ಬಂದ ಮೇಲೆ ಕೊಡುಂಗಲ್ಲೂರಿನಲ್ಲಿ ಉಳಿದವರಿಗೂ ನೆಲೆ ತಪ್ಪಿತು. ಕೊಚ್ಚಿಯ ರಾಜ ಅವರಿಗೆ ತನ್ನ ಅರಮನೆಯ ಮಗ್ಗುಲಿನಲ್ಲೇ ಜಾಗ ಕೊಟ್ಟ. ಮಟ್ಟಾಂಚೇರಿಯ ಆ ಬೀದಿಗೆ ಇಂದಿಗೂ ಜ್ಯೂ ಟೌನ್ ಎಂದೇ ಹೆಸರು.

ಅಲ್ಲಿರುವ ಪರದೇಸಿ ಸಿನಗಾಗ್ 1568ರಲ್ಲಿ ಕಟ್ಟಿದ್ದು. ಸ್ಪೇನ್, ಪೋರ್ಚುಗಲ್, ಸಿರಿಯಾ ಮುಂತಾದ ಕಡೆಗಳಿಂದ ಕಿರುಕುಳ ತಪ್ಪಿಸಿಕೊಂಡು ಬಂದ ಯಹೂದಿಗಳನ್ನು ಊರಿನವರು ಪರದೇಸಿಗಳೆಂದು ಕರೆದರು. ಮಂದಿರಕ್ಕೂ ಅದೇ ಹೆಸರು ನಿಂತಿತು. ಒಂದು ಗೋಡೆಯಾಚೆಗೆ ರಾಜಮನೆತನದ ಕುಲದೇವಿ ಪಳಯನ್ನೂರು ಭಗವತಿಯ ಗುಡಿ. ಎರಡು ಕಡೆಯ ಪ್ರಾರ್ಥನೆಯೂ ಪರಸ್ಪರ ಕೇಳಿಸುವಷ್ಟು ಹತ್ತಿರ. 1662ರಲ್ಲಿ, ಡಚ್ಚರಿಗೆ ಸಹಾಯ ಮಾಡಿದರೆಂಬ ಸಿಟ್ಟಿನಿಂದ ಪೋರ್ಚುಗೀಸರು ಈ ಬೀದಿಯ ಮೇಲೆ ಬಿದ್ದು ಸಿನಗಾಗನ್ನು ಹಾಳುಗೆಡವಿದರು. ಮರುವರ್ಷ ಡಚ್ಚರು ಕೊಚ್ಚಿಯನ್ನು ಗೆದ್ದರು, 1664ರಲ್ಲಿ ಮಂದಿರ ಮತ್ತೆ ಎದ್ದು ನಿಂತಿತು. ಇಂದು ಕಾಣುವ ಅಂದಚೆಂದದ ಬಹುಪಾಲು ಹದಿನೆಂಟನೆಯ ಶತಮಾನದ ದೊಡ್ಡ ವರ್ತಕ ಎಜೆಕಿಯೆಲ್ ರಹಬಿಯ ಕೊಡುಗೆ. 1760ರ ಗಡಿಯಾರದ ಗೋಪುರ ಅವನು ಕಟ್ಟಿಸಿದ್ದು. ಅದರ ಮುಖಗಳಲ್ಲಿ ಹೀಬ್ರೂ, ರೋಮನ್, ಮಲಯಾಳಂ ಅಂಕಿಗಳಿವೆ. ನೆಲಕ್ಕೆ ಹಾಸಿದ ಸುಮಾರು 1,100 ಬಿಳಿ ನೀಲಿ ಬಿಲ್ಲೆಗಳು ಚೀನಾದ ಕ್ಯಾಂಟನ್ನಿನಿಂದ ಹಡಗಿನಲ್ಲಿ ಬಂದವು. ಎಲ್ಲವೂ ಕೈಯಲ್ಲಿ ಬರೆದ ಚಿತ್ರಗಳಾದ್ದರಿಂದ ಒಂದರಂತೆ ಇನ್ನೊಂದಿಲ್ಲ. ಮೇಲೆ ಬೆಲ್ಜಿಯಂ ಗಾಜಿನ ತೂಗುದೀಪಗಳು, ನಡುವೆ ಹಿತ್ತಾಳೆ ಕಟಾಂಜನದ ತೇಬಾ.

ಕೇರಳದ ಸಿನಗಾಗ್‌ಗಳಿಗೆ ತಮ್ಮದೇ ಆದ ಕೆಲವು ಲಕ್ಷಣಗಳಿವೆ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುವುದು ಅವುಗಳಲ್ಲಿ ಒಂದು. ನಡುವಿನ ತೇಬಾ ಅಲ್ಲದೆ ಮಹಡಿಯ ಮೇಲೆ, ಹೆಂಗಸರ ಜಾಗದ ಮುಂದೆ, ಎರಡನೆಯ ತೇಬಾ ಇರುವುದು ಇನ್ನೊಂದು. ಜಗತ್ತಿನ ಬೇರೆ ಭಾಗದಲ್ಲಿ ಕಾಣದ ಈ ಏರ್ಪಾಡಿನಿಂದ ಸಬ್ಬತ್ತಿನಲ್ಲೂ ಹಬ್ಬಗಳಲ್ಲೂ ತೋರಾ ಓದು ಹೆಂಗಸರ ಕಣ್ಣೆದುರಿಗೇ ನಡೆಯುತ್ತಿತ್ತು. ಕೊಚ್ಚಿಯಲ್ಲಿ ರಬ್ಬಿ ಎಂಬ ನೇಮಕದ ಗುರುಗಳಿರಲಿಲ್ಲ. ಓದು ಬಲ್ಲ ಹಿರಿಯರೇ ಸರದಿಯಂತೆ ಪ್ರಾರ್ಥನೆ ನಡೆಸಿದರು. ಆದ್ದರಿಂದ ಹುಡುಗರಿಗೆಲ್ಲ ಹೀಬ್ರೂ ಓದು ಕಡ್ಡಾಯವಾಗಿತ್ತು, ಹುಡುಗಿಯರಿಗೂ ಅದನ್ನು ಕಲಿಸುತ್ತಿದ್ದರು.

ವರ್ಷದ ಹಬ್ಬಗಳಲ್ಲಿ ಕೊಚ್ಚಿಯವರಿಗೆ ಹೆಚ್ಚು ಸಂಭ್ರಮದ್ದು ಸಿಂಹತ್ ತೋರಾ, ಗ್ರಂಥದ ಓದು ಮುಗಿದು ಮತ್ತೆ ಮೊದಲಾಗುವ ದಿನ. ಸುರುಳಿಗಳನ್ನು ಮಂಜೂಷದಿಂದ ಹೊರತೆಗೆದು, ಬೆಳ್ಳಿ ಬಂಗಾರದ ಹೊದಿಕೆ, ಕಿರೀಟಗಳೊಂದಿಗೆ ಅಲಂಕರಿಸಿ, ಹಾಡುತ್ತ ಕುಣಿಯುತ್ತ ಸುತ್ತು ಬರುತ್ತಾರೆ. ಇತರ ದೇಶಗಳಲ್ಲಿ ಈ ಪ್ರದಕ್ಷಿಣೆ ಸಾಮಾನ್ಯವಾಗಿ ಮಂದಿರದೊಳಗೇ ನಡೆದರೆ ಕೊಚ್ಚಿಯಲ್ಲಿ ಸುರುಳಿಗಳು ಕಟ್ಟಡದ ಹೊರಗೂ ಬರುತ್ತಿದ್ದವು. ಗಾಜಿನ ಬಟ್ಟಲುಗಳಲ್ಲಿ ಕೊಬ್ಬರಿ ಎಣ್ಣೆಯ ದೀಪಗಳು ಸಾಲಾಗಿ ಉರಿಯುತ್ತಿದ್ದವು. ಆನೇಕಲ್ಲಿನ ಧರ್ಮರಾಯಸ್ವಾಮಿ ಕರಗ ಹೊರಟ ರಾತ್ರಿ ಊರಿಗೆ ಊರೇ ಎಚ್ಚರವಿರುವಂತೆ ಆ ಬೀದಿಯೂ ಅಂದು ಎಚ್ಚರವಾಗಿರುತ್ತಿತ್ತು. ಭಗವತಿಯ ಗುಡಿಯ ಉತ್ಸವಗಳನ್ನು ನೋಡುತ್ತ ಬೆಳೆದ ಯಹೂದಿಗಳು ತಮ್ಮ ಶಾಸ್ತ್ರವನ್ನು ಮೀರದೆ ತಮ್ಮ ಹಬ್ಬವನ್ನು ನೆರೆಯವರ ಹಬ್ಬದಷ್ಟೇ ಸೊಗಸಾಗಿ ಆಚರಿಸಲು ಕಲಿತರು. ಮಲೆಯಾಳದ ನೆಲದ ಗುರುತು ಅವರ ಧರ್ಮದಲ್ಲಿ ಅಚ್ಚಾದದ್ದು ಹೀಗೆ.

ಪಸ್ಕ ಹಬ್ಬದ ಮಡಿ ಇನ್ನೂ ಕಟ್ಟುನಿಟ್ಟಿನದು. ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಈ ಎಂಟು ದಿನಗಳಲ್ಲಿ ಹುಳಿ ಬಂದ ಹಿಟ್ಟಿನ ಸೋಂಕು ಮನೆಯಲ್ಲಿ ಇರಬಾರದು. ತಿಂಗಳುಗಟ್ಟಲೆ ಮೊದಲೇ ಕೊಚ್ಚಿಯ ಮನೆಗಳಲ್ಲಿ ಸಿದ್ಧತೆ ಆರಂಭವಾಗುತ್ತಿತ್ತು. ಗೋಡೆಗೆ ಸುಣ್ಣ, ಹಬ್ಬಕ್ಕೆಂದೇ ಎತ್ತಿಟ್ಟ ಬೇರೆ ಪಾತ್ರೆಗಳು, ಬೇರೆಯಾಗಿ ಕುಟ್ಟಿದ ಮಸಾಲೆ. ಅಕ್ಕಿಯ ನಾಡಿನವರಾದ್ದರಿಂದ ಹಬ್ಬದಲ್ಲೂ ಅನ್ನ ಉಂಟು. ಆದರೆ ಗೋಧಿಯ ಒಂದು ಕಾಳೂ ಬೆರೆಯದಂತೆ ಹೆಂಗಸರು ಅಕ್ಕಿಯನ್ನು ಮತ್ತೆ ಮತ್ತೆ ಆರಿಸುತ್ತಿದ್ದರು. ಇಲ್ಲಿನ ಧಾರ್ಮಿಕ ಜೀವನದ ಅರ್ಧ ಭಾರ ಹೊತ್ತವರು ಹೆಂಗಸರೇ. ಮಲಯಾಳದಲ್ಲಿ ಅವರು ಕಟ್ಟಿದ ಹಾಡುಗಳಲ್ಲಿ ಬೈಬಲ್ಲಿನ ಕಥೆಗಳಿವೆ, ಮದುವೆಯ ಸೊಬಗಿದೆ, ಒಂದೊಂದು ಸಿನಗಾಗ್ ಕಟ್ಟಿದ ವೃತ್ತಾಂತವೂ ಇದೆ. ಕೈಬರಹದ ಪುಸ್ತಕಗಳಲ್ಲಿ ತಾಯಿಯಿಂದ ಮಗಳಿಗೆ ಬಂದ ಆ ಹಾಡುಗಳನ್ನು ಕೊಚ್ಚಿಯಲ್ಲೇ ಹುಟ್ಟಿ ಬೆಳೆದ ರೂಬಿ ಡೇನಿಯಲ್ ಇಂಗ್ಲಿಷಿಗೆ ಅನುವಾದಿಸಿದರು. 1995ರಲ್ಲಿ ಬಂದ ಅವರ ಆತ್ಮಕಥನ ಈ ಸಮುದಾಯದ ಒಳಮನೆಯನ್ನು ಬಲ್ಲ ಹೆಣ್ಣಿನ ದನಿಯಾಗಿ ಬೆಲೆಯುಳ್ಳದ್ದು.

ಇಷ್ಟೆಲ್ಲ ಚೆಲುವಿನ ನಡುವೆ ಒಂದು ಕಪ್ಪು ಚುಕ್ಕೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಹೊರಗಿನಿಂದ ಬಂದ ಪರದೇಸಿಗಳು, ಅವರಿಗಿಂತ ಹಳಬರಾದ ಮಲಬಾರಿ ಯಹೂದಿಗಳು ಎಂದು ಸಮುದಾಯ ಎರಡಾಗಿ ಒಡೆದಿತ್ತು. ಮದುವೆ ಸಂಬಂಧವಿರಲಿಲ್ಲ. ಪರದೇಸಿಗಳಲ್ಲೇ ದಾಸ್ಯದಿಂದ ಬಿಡುಗಡೆಯಾದವರ ಸಂತತಿಯವರನ್ನು ಇನ್ನೂ ಕೆಳಗಿಟ್ಟಿದ್ದರು. ಅವರು ಸಿನಗಾಗಿನ ಹೊರಕೋಣೆಯಲ್ಲಿ ನೆಲದ ಮೇಲೆ ಕೂರಬೇಕು; ತೋರಾ ಓದಲು ಅವರನ್ನು ಕರೆಯುತ್ತಿರಲಿಲ್ಲ. ಹತ್ತು ಜನರನ್ನು ಎಣಿಸುವ ಧರ್ಮದಲ್ಲಿ ಮನುಷ್ಯನನ್ನು ಎಣಿಕೆಯಿಂದ ಹೊರಗಿಡುವುದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಆ ಗುಂಪಿನಲ್ಲೇ 1882ರಲ್ಲಿ ಹುಟ್ಟಿದ ಅಬ್ರಹಾಂ ಬರಾಕ್ ಸೇಲಂ ಓದಿ ವಕೀಲರಾದರು, ಕೊಚ್ಚಿ ಶಾಸನ ಸಭೆಯ ಸದಸ್ಯರಾದರು, 1929ರ ಲಾಹೋರ್ ಕಾಂಗ್ರೆಸ್ಸಿಗೂ ಹೋಗಿಬಂದರು. ಗಾಂಧೀಜಿಯ ಸತ್ಯಾಗ್ರಹದ ದಾರಿಯನ್ನೇ ಹಿಡಿದು ಅವರು ತಮ್ಮ ಸಿನಗಾಗಿನೊಳಗೆ ಪ್ರತಿಭಟಿಸಿದರು. ಬಾಗಿಲುಗಳು ಒಂದೊಂದಾಗಿ, ಬಹಳ ನಿಧಾನವಾಗಿ ತೆರೆದವು. ಯಹೂದಿ ಗಾಂಧಿ ಎಂದು ಜನ ಅವರನ್ನು ಕರೆದರು. ಜ್ಯೂ ಟೌನಿನ ರಸ್ತೆಗೆ ಇಂದು ಅವರ ಹೆಸರಿದೆ.

ಕೊಚ್ಚಿಯಿಂದ ಉತ್ತರಕ್ಕೆ, ಕೊಂಕಣದ ಅಲಿಬಾಗ್ ಸುತ್ತಿನ ಹಳ್ಳಿಗಳಲ್ಲಿ ಇನ್ನೊಂದು ಯಹೂದಿ ಸಮುದಾಯವಿತ್ತು. ಬೆನೆ ಇಸ್ರೇಲರು ಮರಾಠಿ ಮಾತಾಡುವವರು, ಗಾಣದಲ್ಲಿ ಎಣ್ಣೆ ತೆಗೆಯುವ ಕಸುಬಿನವರು. ಶನಿವಾರ ಗಾಣ ಹೂಡದಿರುವುದನ್ನು ಕಂಡು ನೆರೆಯವರು ಅವರನ್ನು ಶನಿವಾರ ತೇಲಿಗಳೆಂದು ಕರೆದರು. ಶತಮಾನಗಳ ಕಾಲ ಅವರ ಬಳಿ ಸಿನಗಾಗೂ ಇರಲಿಲ್ಲ, ತೋರಾ ಸುರುಳಿಯೂ ಇರಲಿಲ್ಲ. ಸಬ್ಬತ್ತು, ಸುನ್ನತಿ, ಆಹಾರದ ನೇಮ ಮತ್ತು ಪ್ರಾರ್ಥನೆಯ ಒಂದು ವಾಕ್ಯ ಇಷ್ಟೇ ಉಳಿದಿತ್ತು. ಅವಲಕ್ಕಿಗೆ ತೆಂಗಿನ ತುರಿ, ಸಿಹಿ, ಏಲಕ್ಕಿ ಬೆರೆಸಿ ಹಣ್ಣುಗಳೊಂದಿಗೆ ಪ್ರವಾದಿ ಎಲೀಯನ ಹೆಸರಿನಲ್ಲಿ ಅರ್ಪಿಸಿ ಹಂಚುವ ಮಲಿದಾ ಎಂಬ ಆಚರಣೆ ಇಂದಿಗೂ ಅವರದೇ ವಿಶೇಷ. ಮುಂದೆ ಕೊಚ್ಚಿಯ ಯಹೂದಿಗಳೇ ಬಂದು ಅವರಿಗೆ ಹೀಬ್ರೂ ಓದು, ಪ್ರಾರ್ಥನಾಕ್ರಮ ಕಲಿಸಿದರು.

ಈ ಸಮುದಾಯದ ಮೊದಲ ಸಿನಗಾಗಿಗೂ ಮೈಸೂರಿಗೂ ಒಂದು ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಅಧಿಕಾರಿಯಾಗಿದ್ದ ಸ್ಯಾಮುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕರು. ಸೆರೆಯಾಳು ಬೆನೆ ಇಸ್ರೇಲ್ ಪಂಗಡದವನೆಂದು ತಿಳಿದು, ಕುರಾನಿನಲ್ಲಿ ಹೆಸರಿರುವ ಜನ ಇವರು ಎಂದು ಟಿಪ್ಪುವಿನ ತಾಯಿ ಪ್ರಾಣ ಉಳಿಸಿದರೆಂಬುದು ಆ ಜನರಲ್ಲಿ ನಡೆದುಬಂದ ಕಥೆ. ಬದುಕಿ ಬಂದರೆ ದೇವರಿಗೆ ಮನೆ ಕಟ್ಟಿಸುವೆನೆಂದು ಮಾಡಿಕೊಂಡ ಹರಕೆಯಂತೆ ದಿವೇಕರ್ 1796ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಶಾಅರ್ ಹರಹಮೀಮ್, ಎಂದರೆ ಕರುಣೆಯ ಬಾಗಿಲು ಎಂಬ ಸಿನಗಾಗ್ ಕಟ್ಟಿಸಿದರು. ಅದಕ್ಕೆ ತೋರಾ ಸುರುಳಿ ತರಲು ಕೊಚ್ಚಿಗೆ ಹೋದವರು ಅಲ್ಲೇ ತೀರಿಕೊಂಡರು. ಆ ಸಿನಗಾಗನ್ನು ಊರಿನವರು ಮಸೀದಿ ಎಂದೇ ಕರೆಯುತ್ತಿದ್ದರು; ಮುಂಬಯಿಯ ಮಸ್ಜಿದ್ ರೈಲು ನಿಲ್ದಾಣದ ಹೆಸರು ಹುಟ್ಟಿದ್ದು ಅದರಿಂದ.

ಬೆಂಗಳೂರಿಗೆ ಯಹೂದಿಗಳು ಬಂದದ್ದು ಬಹುಮಟ್ಟಿಗೆ ದಂಡಿನ ಜೊತೆಗೆ, ವ್ಯಾಪಾರದ ಜೊತೆಗೆ. ಬೆನೆ ಇಸ್ರೇಲರಲ್ಲಿ ಅನೇಕರು ಪದಾತಿ ಪಡೆಗಳಲ್ಲಿ ಸುಬೇದಾರರಾಗಿದ್ದರು. ಬಗ್ದಾದಿ ಮೂಲದ ರೂಬೆನ್ ಮೋಸೆಸ್ ದಂಡು ಪ್ರದೇಶದ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಪಾದರಕ್ಷೆಗಳ ದೊಡ್ಡ ಅಂಗಡಿ ನಡೆಸುತ್ತಿದ್ದರು. ಈ ಊರಿನಲ್ಲಿ ಸಿನಗಾಗ್ ಕಟ್ಟಡ ಏಳಲಿಲ್ಲ. ಸಂಖ್ಯೆ ಚಿಕ್ಕದು, ಇಂದು ಬಂದವರು ನಾಳೆ ವರ್ಗವಾಗಿ ಹೋಗುವವರು. ಹಬ್ಬ ಬಂದಾಗ ಮೋಸೆಸ್ ಅವರ ಮನೆಯೇ ಪ್ರಾರ್ಥನೆಯ ಸ್ಥಳವಾಗುತ್ತಿತ್ತು. ಹತ್ತು ಜನ ಸೇರಿದರೆ ಸಾಕೆಂಬ ಹಳೆಯ ಕಟ್ಟಳೆ ಇಲ್ಲಿ ನೆರವಿಗೆ ಬಂತು.

ಆದರೆ ಸ್ಮಶಾನವಿಲ್ಲದೆ ನಡೆಯುವುದಿಲ್ಲ. ಯಹೂದಿ ಸಂಪ್ರದಾಯದಲ್ಲಿ ಊರೊಂದರಲ್ಲಿ ನೆಲೆಸಿದವರು ಸಿನಗಾಗಿಗಿಂತ ಮೊದಲು ಹೂಳುವ ನೆಲವನ್ನು ನೋಡಿಕೊಳ್ಳಬೇಕು. ಸತ್ತವರನ್ನು ತಡಮಾಡದೆ, ಸಾದಾ ಬಿಳಿಯ ಬಟ್ಟೆಯಲ್ಲಿ, ಬಡವ ಬಲ್ಲಿದನೆಂಬ ಭೇದ ಕಾಣದಂತೆ ಮಣ್ಣು ಮಾಡಬೇಕು. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮೈಸೂರು ರಸ್ತೆಯ ಬದಿ, ಈಗಿನ ಗೋರಿಪಾಳ್ಯದ ಹತ್ತಿರ ಯಹೂದಿಗಳಿಗೆ ಜಾಗ ಕೊಟ್ಟರು. ಸುಬೇದಾರ್ ಸ್ಯಾಮುಯೆಲ್ ನಾಗಾವ್‌ಕರ್ ಅವರ ಸಮಾಧಿ ಅಲ್ಲಿನ ಮೊದಲಿನದು. ಹೀಬ್ರೂ, ಮರಾಠಿ, ಇಂಗ್ಲಿಷ್ ಬರಹಗಳ ಕಲ್ಲುಗಳ ನಡುವೆ ಕೊಂಕಣದ ಸೈನಿಕರೂ ಬಗ್ದಾದಿ ವರ್ತಕರೂ ಯುದ್ಧಕಾಲದಲ್ಲಿ ಯುರೋಪಿನಿಂದ ಬಂದವರೂ ಒಟ್ಟಿಗೆ ಮಲಗಿದ್ದಾರೆ. ಕೊಚ್ಚಿಯ ಸಿನಗಾಗಿನಲ್ಲಿ ಕೂಡದ ಭೇದಗಳು ಬೆಂಗಳೂರಿನ ಈ ಮಣ್ಣಿನಲ್ಲಿ ಕೂಡಿವೆ. ಸಮಾಧಿಗೆ ಹೂವಿನ ಬದಲು ಪುಟ್ಟ ಕಲ್ಲು ಇಟ್ಟು ಹೋಗುವುದು ಯಹೂದಿಗಳ ರೂಢಿ.

1930ರ ದಶಕದಲ್ಲಿ ಹಿಟ್ಲರನ ಕಾನೂನುಗಳು ಜರ್ಮನಿಯ ಯಹೂದಿ ಮೂಲದವರನ್ನೆಲ್ಲ ಕೆಲಸದಿಂದ ಹೊರದಬ್ಬಿದಾಗ ಬೆಂಗಳೂರು ಕೆಲವರಿಗೆ ಆಸರೆಯಾಯಿತು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಸಿ.ವಿ. ರಾಮನ್ ಅವರ ಆಹ್ವಾನದಂತೆ 1935-36ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳು ಇದ್ದರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಒಟ್ಟೊ ಕೋನಿಗ್ಸ್‌ಬರ್ಗರ್ ಇಲ್ಲಿ ಹಲವು ಕಟ್ಟಡಗಳ ನಕ್ಷೆ ತಯಾರಿಸಿದರು. ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪ ಅವುಗಳಲ್ಲಿ ಒಂದು.

1948ರಲ್ಲಿ ಇಸ್ರೇಲ್ ರಾಷ್ಟ್ರ ಹುಟ್ಟಿತು. ಕೇರಳದಲ್ಲಿ ಆಗ ಸುಮಾರು ಎರಡೂವರೆ ಸಾವಿರ ಯಹೂದಿಗಳು, ಎಂಟು ಸಿನಗಾಗ್‌ಗಳು. ಯಾರೂ ಓಡಿಸದಿದ್ದರೂ, ನೆರೆಯವರು ಕಣ್ಣೀರು ಹಾಕಿ ಕಳುಹಿಸಿಕೊಟ್ಟರೂ, ಧರ್ಮಶ್ರದ್ಧೆಯ ಸೆಳೆತದಿಂದ 1950ರ ದಶಕದಲ್ಲಿ ಊರಿಗೆ ಊರೇ ಹೊರಟಿತು. ಮಾಳದ ಯಹೂದಿಗಳು 1955ರಲ್ಲಿ ತಮ್ಮ ಸಿನಗಾಗನ್ನೂ ಸ್ಮಶಾನವನ್ನೂ ಪಂಚಾಯಿತಿಗೆ ಒಪ್ಪಿಸಿ ಹೋದರು. ಮಟ್ಟಾಂಚೇರಿಯ ಕಡವುಂಭಾಗಂ ಸಿನಗಾಗಿನ ಒಳಗಿನ ಮರಗೆಲಸ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿತು. ಪರವೂರು ಮತ್ತು ಚೇಂದಮಂಗಲದ ಸಿನಗಾಗ್‌ಗಳನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯಗಳಾಗಿ ಉಳಿಸಿಕೊಂಡಿದ್ದಾರೆ. ಎರ್ನಾಕುಲಂ ಪೇಟೆಯ ಕಡವುಂಭಾಗಂನಲ್ಲಿ ಅದರ ಪಾಲಕರು ಮುಂಭಾಗದಲ್ಲಿ ಬಣ್ಣದ ಮೀನು, ಹೂಗಿಡ ಮಾರುತ್ತಲೇ ದಶಕಗಳ ಕಾಲ ಒಳಗಿನ ಮಂದಿರವನ್ನು ಕಾದುಕೊಂಡರು. 2018ರಲ್ಲಿ ಅದು ಜೀರ್ಣೋದ್ಧಾರವಾಗಿ ತೋರಾ ಸುರುಳಿ ಮತ್ತೆ ಅಲ್ಲಿಗೆ ಬಂತು. ಇಂಥ ನಿಷ್ಠೆಗೆ ಸಮನಾದದ್ದು ಕಡಮೆ.

ಪರದೇಸಿ ಸಿನಗಾಗಿನ ನಾನೂರನೆಯ ವರ್ಷದ ಉತ್ಸವ 1968ರ ಡಿಸೆಂಬರಿನಲ್ಲಿ ನಡೆಯಿತು. ಪ್ರಧಾನಿ ಇಂದಿರಾ ಗಾಂಧಿ ಬಂದರು, ಅಂಚೆ ಇಲಾಖೆ ಚೀಟಿ ಹೊರಡಿಸಿತು. ಆ ವೇಳೆಗೇ ಬೀದಿಯ ಮನೆಗಳು ಖಾಲಿಯಾಗತೊಡಗಿದ್ದವು. ಇಂದು ಜ್ಯೂ ಟೌನಿನಲ್ಲಿ ಯಹೂದಿ ನಿವಾಸಿಗಳು ಬೆರಳೆಣಿಕೆಗೂ ಸಿಗುವುದು ಕಷ್ಟ. ಮನೆಗಳಲ್ಲಿ ಪುರಾತನ ವಸ್ತುಗಳ, ಮಸಾಲೆಯ ಅಂಗಡಿಗಳಿವೆ. ಹೊರನಾಡಿನ ಯಹೂದಿ ಯಾತ್ರಿಕರು ಬಂದು ಸೇರಿದಾಗ ಮಾತ್ರ ಅಲ್ಲಿ ಹತ್ತರ ಲೆಕ್ಕ ತುಂಬುತ್ತದೆ, ಸುರುಳಿ ಹೊರಗೆ ಬರುತ್ತದೆ. ಇಸ್ರೇಲಿನಲ್ಲಿ ನೆಗೆವ್ ಮರುಭೂಮಿಯ ನೆವಾಟಿಮ್ ಎಂಬ ಹಳ್ಳಿಯಲ್ಲಿ ಕೊಚ್ಚಿಯಿಂದ ಹೋದವರು ತಮ್ಮ ಊರಿನ ಮಾದರಿಯಲ್ಲೇ ಸಿನಗಾಗ್ ಕಟ್ಟಿಕೊಂಡಿದ್ದಾರೆ. ಮಲಯಾಳದ ಹಾಡುಗಳೂ ಅವರೊಂದಿಗೆ ಅಲ್ಲಿಗೆ ಹೋಗಿವೆ.

ಕೊಚ್ಚಿಗೆ ಹೋಗುವ ದಾರಿ ಹೀಗಿದೆ. ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44 ಸೇಲಂ ತಲುಪುತ್ತದೆ. ಅಲ್ಲಿಂದ ಹೆದ್ದಾರಿ 544 ಕೊಯಮತ್ತೂರು, ಪಾಲಕ್ಕಾಡಿನ ಮೇಲೆ ಕೊಚ್ಚಿಗೆ ಹೋಗುತ್ತದೆ. ಪರದೇಸಿ ಸಿನಗಾಗನ್ನು ನೋಡಲು ಹೋಗುವವರು ಶನಿವಾರವನ್ನೂ ಯಹೂದಿ ಹಬ್ಬದ ದಿನಗಳನ್ನೂ ಬಿಟ್ಟು, ಶುಕ್ರವಾರವಾದರೆ ಬೆಳಗ್ಗೆಯೇ ಹೋಗಬೇಕು. ಮೈ ಮುಚ್ಚುವ ಉಡುಪು ತೊಟ್ಟು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಡೆಯಬೇಕು. ಹತ್ತು ಜನ ಸೇರಿದ ದಿನ ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಆದ್ದರಿಂದ ಅದನ್ನು ದೇವರ ಮನೆಯೆಂದೇ ತಿಳಿದು ನೋಡಿಬರುವುದು ಕರ್ತವ್ಯ.